ಅಕ್ಕನಿಗೆ ಬರೀ ಅನ್ನ ಬಡಿಸಿದ ದಿನಗಳು

ಅಕ್ಕ ಹೆರಿಗೆಗೆಂದು ವಿರೂಪಾಕ್ಷಿಪುರದ ಗಂಡನ ಮನೆಯಿಂದ ನಮ್ಮೂರು ಕಲ್ಯಕ್ಕೆ ಬಂದಾಗ ಏಳನೇ ತಿಂಗಳು ನಡೆಯುತ್ತಿತ್ತು. ಬಂದ ದಿನವೇ ಅವ್ವ ಅವಳಿಗೆ ಬೇರೆ ಅಡುಗೆ ಶುರು ಮಾಡಿದಳು. ನಮಗೆಲ್ಲ ಮುದ್ದೆ, ಬಸ್ಸಾರು: ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನ ಸಾರು, ಉಳಿದದ್ದರ ಪಲ್ಯ. ಅಕ್ಕನಿಗೆ ಮಾತ್ರ ಬಿಳಿ ಅನ್ನ, ತುಪ್ಪ, ತಿಳಿಸಾರು. ನಮ್ಮ ಕಡೆ ಮಗಳನ್ನು ಚೆನ್ನಾಗಿ ನೋಡಿಕೊಂಡರು ಅನ್ನಿಸಿಕೊಳ್ಳಬೇಕಾದರೆ ಅನ್ನ ಹಾಕಬೇಕು. ಮುದ್ದೆ ಹಾಕಿದರೆ ಮರ್ಯಾದೆ ಎಲ್ಲಿ ಬಂತು?

ಇಷ್ಟಕ್ಕೇ ನಿಲ್ಲಲಿಲ್ಲ. ಬೀದಿಯ ಹೆಂಗಸರು ಬಂದು ಒಬ್ಬೊಬ್ಬರು ಒಂದೊಂದನ್ನು ಬಿಡಿಸಿದರು. ಮೊಟ್ಟೆ ಉಷ್ಣ. ಸೊಪ್ಪು ಶೀತ. ಅವರೆಕಾಳು ವಾಯು. ಬದನೆಕಾಯಿ ನಂಜು. ಅವ್ವ ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಮಗಳ ಮೇಲಿನ ಆಸೆಗೆ ಎಲ್ಲರ ಮಾತನ್ನೂ ಕೇಳಿದಳು.

ಅಕ್ಕ ನಮ್ಮ ತಟ್ಟೆ ನೋಡುತ್ತಾ ಕೂತಿರುತ್ತಿದ್ದಳು.

“ಅವ್ವ, ನಂಗೂ ಒಸಿ ಬಸ್ಸಾರು ಹಾಕವ್ವ.”

“ಸುಮ್ಕೆ ಉಣ್ಣು. ತವರಲ್ಲೂ ಮುದ್ದೆನೇ ಹಾಕುದ್ರಾ ಅಂತ ನಿಮ್ಮತ್ತೆ ಆಡ್ಕತಾಳೆ.”

ಬರಬರುತ್ತಾ ಅಕ್ಕನ ಮುಖ ಬಿಳಿಚಿಕೊಂಡಿತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಊರಿಗೆ ಬಂದ ನರ್ಸಮ್ಮ ಅವಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು, ಬೆರಳು ಚುಚ್ಚಿ ಪರೀಕ್ಷೆ ಮಾಡಿದರು.

“ರಕ್ತ ಬಾಳ ಕಮ್ಮಿ ಐತೆ. ಹಿಂಗೇ ಇದ್ರೆ ಮಾಗಡಿ ಆಸ್ಪತ್ರೇಲಿ ಹೆರಿಗೆ ಮಾಡಲ್ಲ, ಬೆಂಗ್ಳೂರಿಗೆ ಕಳಿಸ್ಬುಡ್ತಾರೆ. ತಾಯಿಗೂ ಕಷ್ಟ, ಮಗೀಗೂ ಕಷ್ಟ. ಏನ್ ಕೊಡ್ತಿದೀರಮ್ಮ ತಿನ್ನಕ್ಕೆ?”

ಅವ್ವನಿಗೆ ಸಿಟ್ಟು ಬಂತು. “ನಾನೇನ್ ಕಮ್ಮಿ ಮಾಡಿವ್ನಿ? ಒಂದ್ ದಿನಾನೂ ಮುದ್ದೆ ಹಾಕಿಲ್ಲ ಕಣವ್ವ. ಮೂರೊತ್ತೂ ಅನ್ನ!”

“ಅಯ್ಯೋ, ಅದೇ ಕಣಮ್ಮ ಕೆಟ್ಟಿರೋದು!”

ನರ್ಸಮ್ಮ ಜಗುಲಿ ಮೇಲೆ ಕೂತು ಬಿಡಿಸಿ ಹೇಳಿದರು. ಮುದ್ದೆ, ಅನ್ನ ಕಸುವಿಗೆ. ಕಾಳು, ಮೊಟ್ಟೆ, ಹಾಲು, ಮಾಂಸ ಮೈ ಕಟ್ಟುವುದಕ್ಕೆ. ಸೊಪ್ಪು, ತರಕಾರಿ, ಹಣ್ಣು ಕಾಯಿಲೆ ತಡೆಯುವುದಕ್ಕೆ. ತಟ್ಟೆಯಲ್ಲಿ ಮೂರೂ ಇರಬೇಕು. ನನಗೆ ತಕ್ಷಣ ಅರ್ಥವಾಯಿತು. ಬಿಡದಿಯ ಒಂದು ಕಾರ್ಖಾನೆ ಕ್ಯಾಂಟೀನಿನಲ್ಲಿ ನಾನು ಬಡಿಸುತ್ತಿದ್ದೆ. ಅಲ್ಲಿನ ತಟ್ಟೆಗೆ ಗುಳಿಗಳಿದ್ದವು, ಅನ್ನಕ್ಕೊಂದು, ಕಾಳಿಗೊಂದು, ಪಲ್ಯಕ್ಕೊಂದು. ಯಾಕೆ ಅಂತ ಅವತ್ತಿನವರೆಗೂ ಯಾರೂ ಹೇಳಿರಲಿಲ್ಲ.

“ದಿನಾ ಅಷ್ಟೆಲ್ಲ ಎಲ್ಲಿಂದ ತರಾನ?” ಅಂದಳು ಅವ್ವ.

“ಎಲ್ಲಾನೂ ಯಾಕ್ ತರ್ತೀರಾ? ಮನೇಲಿ ಇರೋದ್ರಲ್ಲೇ ಒಂದೊಂದು. ಮೊಟ್ಟೆ ಇಲ್ವಾ, ಹುಳ್ಳಿಕಾಳು ಹಾಕಿ. ದಂಟು ಇಲ್ವಾ, ನುಗ್ಗೆಸೊಪ್ಪು. ನಾ ಕೊಟ್ಟಿರೋ ರಕ್ತದ ಮಾತ್ರೆ ಮಾತ್ರ ಬುಡಂಗಿಲ್ಲ.” ಅಕ್ಕನ ಕಡೆ ತಿರುಗಿದರು. “ಟೀ ಜೊತೆ ನುಂಗ್ಬೇಡ ಕಣವ್ವ, ನಿಂಬೆಹಣ್ಣಿನ್ ನೀರು ಕುಡಿ.”

ಅವರು ಹೋದಮೇಲೆ ಅವ್ವ ಮುಖ ಊದಿಸಿಕೊಂಡು ರೇಷ್ಮೆ ಹುಳದ ಮನೆಗೆ ಹೋದಳು. ನಾನೂ ಹಿಂದೆ ಹೋದೆ. ಸುತ್ತಿಬಳಸಿ ಹೇಳುವುದು ನನಗೆ ಬರಲ್ಲ.

“ಒಂದೇ ತರದ್ದು ತಿನ್ಕಂಡಿರಕ್ಕೆ ಅಕ್ಕ ಏನ್ ಹುಳನಾ?”

“ಲೇ, ಹುಳಕ್ಕೂ ಒಂದೇ ತರ ಅಂತ ಯಾವನ್ಲಾ ಹೇಳ್ದೋನು? ಮರಿಗೆ ಎಳೆಸೊಪ್ಪು ಹೆಚ್ಚಿ ಹಾಕ್ಬೇಕು. ಕಡೇ ಜ್ವರ ಎದ್ದಮ್ಯಾಕೆ ಬಲ್ತಿರೋದು...”

ಹುಳ ಪೊರೆ ಬಿಡುವುದನ್ನು ನಾವು ಜ್ವರ ಅನ್ನುತ್ತೇವೆ. ಅವ್ವನಿಗೆ ತನ್ನ ಮಾತೇ ತಾಗಿತು. ಸೊಪ್ಪು ಹಿಡಿದಿದ್ದ ಕೈ ನಿಂತಿತು. ಸೊಪ್ಪನ್ನು ಅಲ್ಲೇ ಇಟ್ಟು, “ಹೋಗ್ಲಾ, ನುಗ್ಗೆಸೊಪ್ಪು ಕಿತ್ಕಂಬಾ” ಅಂದಳು.

ಅವತ್ತು ಅಕ್ಕ ಬಸ್ಸಾರಿನಲ್ಲಿ ಮುದ್ದೆ ಅದ್ದಿ ಉಂಡಿದ್ದು ನೋಡಬೇಕಿತ್ತು. ಸಾರು ಮೊಣಕೈವರೆಗೂ ಹರಿದಿತ್ತು. ಮುಂದೆ ಅವ್ವ ಒಂದಕ್ಕೇ ಜೋತುಬೀಳಲಿಲ್ಲ. ಮುದ್ದೆ ಸೇರದ ದಿನ ಸೊಪ್ಪು ಹಾಕಿ ರಾಗಿರೊಟ್ಟಿ ತಟ್ಟಿದಳು. ಕೋಳಿ ಮೊಟ್ಟೆಯಿಟ್ಟ ದಿನ ಮೊಟ್ಟೆ. ಅನ್ನವನ್ನೂ ಬಿಡಲಿಲ್ಲ, ಜೊತೆಗೆ ಕಾಳು ಇರುತ್ತಿತ್ತು, ಅಷ್ಟೆ.

ನರ್ಸಮ್ಮ ಮತ್ತೆ ಬಂದು ಬೆರಳು ಚುಚ್ಚಿದಾಗ ಅವ್ವ ಸೆರಗು ಕಚ್ಚಿಕೊಂಡು ನಿಂತಿದ್ದಳು.

“ಏರೈತೆ ಕಣಮ್ಮ. ಹಿಂಗೇ ನೋಡ್ಕಳಿ, ಮಾಗಡಿಲೇ ಆಯ್ತದೆ.”

ಮಾಗಡಿಯಲ್ಲೇ ಆಯಿತು. ಹೆಣ್ಣುಮಗು, ದಪ್ಪಗಿತ್ತು. ನರ್ಸಮ್ಮನ ಗಾಡಿಗೆ ಒಂದು ಚೀಲ ತೆಂಗಿನಕಾಯಿ ಕಟ್ಟಿ ಬಂದೆ. ಅವರ ಋಣ ನನ್ನ ಮೇಲೆ ಇದ್ದೇ ಇದೆ. ಅವ್ವನದು ಇನ್ನೂ ದೊಡ್ಡದು. ಆ ವಯಸ್ಸಿನಲ್ಲಿ, ಇಡೀ ಬೀದಿಯ ಎದುರಿಗೆ, ತಾನು ನಂಬಿದ್ದನ್ನು ಬದಲಾಯಿಸಿಕೊಳ್ಳುವುದು ಸುಲಭವಲ್ಲ.

ಬಾಣಂತಿ ಮನೆಗೆ ಬಂದ ದಿನ ಅದೇ ಹೆಂಗಸರು ಮತ್ತೆ ಬಂದರು. ನೀರು ಜಾಸ್ತಿ ಕೊಡಬೇಡ, ಸೊಪ್ಪು ಮುಟ್ಟಿಸಬೇಡ, ಬ್ರೆಡ್ಡು, ಮೆಣಸಿನ ಸಾರು ಸಾಕು ಅಂದರು. ಅವ್ವ ಒಲೆ ಮುಂದಿನಿಂದ ಏಳಲೂ ಇಲ್ಲ.

“ಮಗೀನ್ ನೋಡಕ್ಕೆ ಬಂದಿದ್ರೆ ನೋಡ್ಕೊಂಡೋಗ್ರವ್ವ. ಹಸ್ಕಂಡಿದ್ರೆ ಕುಂತ್ಕಳಿ, ಮುದ್ದೆ ಐತೆ.”

ಇಬ್ಬರು ಕೂತೇಬಿಟ್ಟರು.