ಬಂಡೆಗೆ ಸಿಕ್ಕ ಸಿಗ್ನಲ್ಲನ್ನು ಹಟ್ಟಿಗೆ ತಿರುಗಿಸಿದ ಅಹ್ಮದಸಾಬ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಗುಳೇದಗುಡ್ಡದಿಂದ ಬಾದಾಮಿ ಕಡೆ ಹೊರಳುವ ರಸ್ತೆಯ ಪಕ್ಕ, ಜೋಳದ ಹೊಲದ ನಡುವೆ ನಲವತ್ತು ಮೀಟರ್ ಎತ್ತರದ ಮೊಬೈಲ್ ಟವರ್. ಅದನ್ನು ಏರಬೇಕಾದ ಅಹ್ಮದಸಾಬ ಅದಕ್ಕೇ ಬೆನ್ನು ಮಾಡಿ ನಡೆಯುತ್ತಿದ್ದಾರೆ. ಬಾಯಲ್ಲಿ ಎಣಿಕೆ: ನಲವತ್ತೆಂಟು, ನಲವತ್ತೊಂಬತ್ತು, ಐವತ್ತು. ನಿಲ್ಲುತ್ತಾರೆ. ಅಂಗೈ ಮೇಲೆ ದಿಕ್ಸೂಚಿ ಇಟ್ಟುಕೊಂಡು, ಮುಳ್ಳು ತೂಗಾಡುವುದು ನಿಲ್ಲುವ ತನಕ ಉಸಿರು ಬಿಗಿಹಿಡಿಯುತ್ತಾರೆ.

ಟವರಿನ ಬುಡದಲ್ಲಿ ಹಗ್ಗ ಹಿಡಿದು ನಿಂತಿರುವ ಹುಲ್ಲಪ್ಪ ಹದಿನಾಲ್ಕು ವರ್ಷದಿಂದ ಅವರ ಜೋಡಿ. “ಏ ಸಾಬ, ಟವರ ಇಲ್ಲೈತಿ! ಹಂಗ ನಡಕೋತ ಹೋದಿ ಅಂದ್ರ ಬನಶಂಕರಿ ಮುಟ್ಟತಿ ನೋಡ್!”

“ಮುಟ್ಟಿದ್ರ ನಿನ್ನ ಹೆಸರೀಲೆ ಒಂದು ಕಾಯಿ ಒಡಿಸ್ಕೊಂಡು ಬರ್ತೇನಿ. ಸುಮ್ಮ ಹಗ್ಗ ಹಿಡಿ ಲೇ.”

ದಿಕ್ಸೂಚಿಯ ಮುಳ್ಳು ನಿಲ್ಲುತ್ತದೆ. ಬೇಕಾದ ಅಂಕಿಯ ನೇರಕ್ಕೆ ಕಣ್ಣು ಹಾಯಿಸಿದರೆ, ಎರಡೂವರೆ ಕಿಲೋಮೀಟರ್ ಆಚೆ ಕುರಿಗಾರರ ಹಟ್ಟಿಯ ಬೀರಪ್ಪನ ಗುಡಿಯ ಸುಣ್ಣದ ಗೋಡೆ. ಅಹ್ಮದಸಾಬ ಅದನ್ನು ಗುರುತು ಹಿಡಿದು ಬರುತ್ತಾರೆ, ಸೊಂಟಕ್ಕೆ ಬೆಲ್ಟ್ ಬಿಗಿದು ಏರತೊಡಗುತ್ತಾರೆ. ಒಂಬತ್ತರ ಮೇಲೆ ಕಬ್ಬಿಣ ಕಾದು ಕೈ ಸುಡುತ್ತದೆ. ಬೆಳಕು ಹರಿಯುವಾಗಲೇ ಏರಬೇಕು.

ಇಳಕಲ್ಲಿನ ಅಹ್ಮದಸಾಬರಿಗೆ ಈಗ ನಲವತ್ತೊಂಬತ್ತು. ತಂದೆ ಕೆಂಪು ಗ್ರಾನೈಟ್ ಗಣಿಯಲ್ಲಿ ಹಗ್ಗದ ಕೆಲಸದವರು. ಬಂಡೆಗೆ ಗಂಟು ಹಾಕುವುದನ್ನು ಮಗ ಅಲ್ಲೇ ಕಲಿತದ್ದು. ಬಾಗಲಕೋಟೆಯಲ್ಲಿ ಟವರುಗಳು ಒಂದೊಂದೇ ಏಳತೊಡಗಿದಾಗ, ಗಂಟು ಬಲ್ಲವರು ಬೇಕಾದರು. ಇಪ್ಪತ್ತೆರಡು ವರ್ಷವಾಯಿತು. ಏರಿದ ಟವರುಗಳ ಲೆಕ್ಕ ಅವರಲ್ಲಿಲ್ಲ. ಹುಲ್ಲಪ್ಪ ಆರುನೂರು ಎನ್ನುತ್ತಾರೆ, ಚಹಾ ಕುಡಿದ ಮೇಲೆ ಏಳುನೂರು ಎನ್ನುತ್ತಾರೆ. ತುದಿ ಮುಟ್ಟಲು ಹನ್ನೆರಡು ನಿಮಿಷ. ಮೇಲೆ ಗಾಳಿಯಲ್ಲಿ ಮೂರು ತಾಸು. ಎರಡು ಕೊಕ್ಕೆ, ಒಂದನ್ನು ಸಿಕ್ಕಿಸದೆ ಇನ್ನೊಂದನ್ನು ಬಿಚ್ಚುವುದಿಲ್ಲ. ಒಮ್ಮೆ ಜೇನು ಎದ್ದು ಮುಖವೆಲ್ಲ ಕುಂಬಳಕಾಯಿಯಾಗಿತ್ತು. ಒಮ್ಮೆ ಸಿಡಿಲು ಪಕ್ಕದ ಬೇವಿನ ಮರಕ್ಕೆ ಬಿತ್ತು. “ಮರ ಹೋತು, ನಾ ಉಳದೆ. ಆ ಮರಕ್ಕ ಇನ್ನೂ ಸಲಾಂ ಹೊಡೀತೇನಿ,” ಎಂದು ನಗುತ್ತಾರೆ.

ಈಗ ಎಲ್ಲಾ ಕಡೆ 5ಜಿ. ಹಳೆಯ ಡಬ್ಬಿಗಳನ್ನು ಇಳಿಸಿ, ಹಳೆಯ ನೆಟ್‌ವರ್ಕನ್ನೂ ಹೊಸದನ್ನೂ ಒಟ್ಟಿಗೆ ಹೊರುವ ಉದ್ದನೆಯ ಪೆಟ್ಟಿಗೆಗಳನ್ನು ಏರಿಸುವುದು ಅಹ್ಮದಸಾಬರ ಕೆಲಸ. ಜಾಹೀರಾತಿನಲ್ಲಿ ಸಿನಿಮಾ ತಾರೆ ಚಿಟಿಕೆ ಹೊಡೆಯುತ್ತಾಳೆ, ಇಡೀ ಸಿನಿಮಾ ಫೋನಿಗೆ ಇಳಿದುಬಿಡುತ್ತದೆ. ಆ ಪೆಟ್ಟಿಗೆಯನ್ನು ಮೇಲಕ್ಕೆಳೆದ ಕೈಯ ಬೊಬ್ಬೆ ಮಾತ್ರ ಯಾವ ಜಾಹೀರಾತಿನಲ್ಲೂ ಇಲ್ಲ. ಇಷ್ಟು ವೇಗ ಯಾರಿಗೆ ಬೇಕಿತ್ತು ಎಂದು ಯಾರೂ ಯಾರನ್ನೂ ಕೇಳಿದ್ದಿಲ್ಲ.

ಕೇಳಿದರೆ ಅಹ್ಮದಸಾಬರ ಮನೆಯಲ್ಲೇ ಜಗಳ. ಹೆಂಡತಿ ದೌಲತಬಿ ಸೀರೆ ಮಗ್ಗಗಳಿಗೆ ನೂಲು ಸುತ್ತುತ್ತಾರೆ. ಮಗಳು ಅರ್ಜು ಸೊಲ್ಲಾಪುರದಲ್ಲಿ, ಭೇಟಿಯೆಲ್ಲ ವಿಡಿಯೋ ಕಾಲಿನಲ್ಲೇ. ದೌಲತಬಿ ಹೇಳುತ್ತಾರೆ: “ಹೊಸಾದು ಭಾಳ ಚಲೋ ಐತ್ರಿ. ಮೊದಲೆಲ್ಲಾ ಮೊಮ್ಮಗನ ಮಾರಿ ಅರ್ಧಕ್ಕ ನಿಂತು ಬಿಡ್ತಿತ್ತು, ಬಾಯಿ ತಗದದ್ದು ತಗದಂಗ. ಈಗ ಅಂವ ಅಳೂದೂ ಛಂದ ಕಾಣ್ತೈತಿ.” ಗಂಡನ ಕೀಪ್ಯಾಡ್ ಫೋನಿನ ಕಡೆ ಕೈ ತೋರುತ್ತಾರೆ: “ಊರಿಗೆಲ್ಲಾ ನೆಟ್‌ವರ್ಕ್ ಹಂಚ್ತಾರ. ತಾವು ನೋಡ್ರಿ, ಈ ಸೋಪಿನ ತುಂಡು ಹಿಡಕೊಂಡು ತಿರಗ್ತಾರ.”

“ಸೋಪಿನ ತುಂಡು ಬಿದ್ರ ಒಡ್ಯಾಂಗಿಲ್ಲ. ನಲವತ್ತ ಮೀಟರಿಂದ ನಿಂದು ಬೀಳಸು, ನೋಡೂಣು.”

ಆ ಸೋಪಿನ ತುಂಡಿಗೂ ಒಂದು ಕೆಲಸವಿದೆ. ಟವರಿನ ಕೆಲಸ ಮುಗಿದಾಗ ನಿಯಮದಂತೆ ಬುಡದಲ್ಲಿ ನಿಂತು ವೇಗ ಅಳೆದು, ಚಿತ್ರ ಕಳಿಸಿದರೆ ಸಾಕು. ಅಹ್ಮದಸಾಬರಿಗೆ ಸಾಲದು. ಆ ಟವರಿಗೆ ಸೇರಿದ ಕಟ್ಟಕಡೆಯ ಮನೆಯ ತನಕ ಹೋಗಿ, ಒಳಗೆ ನಿಂತು, ಕೀಪ್ಯಾಡ್ ಫೋನಿನಿಂದ ಹುಲ್ಲಪ್ಪನಿಗೆ ಒಂದು ಕರೆ ಮಾಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಕೂಲಿ ಕೊಡುವುದಿಲ್ಲ.

ಎಂಟು ದಿನದ ಹಿಂದೆ ಅದೊಂದನ್ನು ಬಿಟ್ಟರು. ಒಂದೇ ದಿನಕ್ಕೆ ಎರಡು ಟವರ್ ಮುಗಿಸಬೇಕೆಂಬ ಒತ್ತಡ. ಈ ಟವರಿನ ಸರದಿ ಬರುವಾಗ ಹೊತ್ತು ಇಳಿದಿತ್ತು. ಪೆಟ್ಟಿಗೆಯನ್ನು ಯಾವ ದಿಕ್ಕಿಗೆ ತಿರುಗಿಸಬೇಕೆಂದು ಇಂಜಿನಿಯರ್ ಅಂಕಿ ಹೇಳುತ್ತಾರೆ. ಏರುವವರು ದಿಕ್ಸೂಚಿ ನೋಡಿ ಕೂರಿಸುತ್ತಾರೆ. ಆ ದಿನ ಐವತ್ತು ಹೆಜ್ಜೆ ದೂರ ಹೋಗಲು ಪುರುಸೊತ್ತಿಲ್ಲದೆ, ಟವರಿನ ಕಾಲಿಗೆ ಒರಗಿಕೊಂಡೇ ದಿಕ್ಸೂಚಿ ನೋಡಿದರು. ಅಷ್ಟೊಂದು ಕಬ್ಬಿಣ ಪಕ್ಕದಲ್ಲಿದ್ದರೆ ಮುಳ್ಳು ಅತ್ತ ಎಳೆದುಕೊಳ್ಳುತ್ತದೆ. ಹಟ್ಟಿಯ ಕಡೆ ನೋಡಬೇಕಾದ ಪೆಟ್ಟಿಗೆ ಗುಡ್ಡದ ಕಡೆ ತಿರುಗಿ ಕೂತಿತು. ರಸ್ತೆ ಕಣ್ಣೆದುರೇ ಇದ್ದುದರಿಂದ ಆ ಕಡೆಯ ಪೆಟ್ಟಿಗೆ ಸರಿಯಾಗಿತ್ತು. ಬುಡದಲ್ಲಿ ಅಳೆದ ವೇಗ ಭರ್ಜರಿ ಬಂತು. ಕಾಗದದ ಮೇಲೆ ಕೆಲಸ ಪಾಸು.

ಹೀಗೆ ಒಂದು ವಾರ ಇಡೀ ತಾಲೂಕಿನ ಅತಿ ವೇಗದ ಇಂಟರ್‌ನೆಟ್ ಒಂದು ಕೆಂಪು ಬಂಡೆಗಲ್ಲಿಗೆ ಸಿಕ್ಕಿತು.

ಹಟ್ಟಿಯಲ್ಲಿ ಮೂವತ್ತೆರಡು ಮನೆ, ನಲವತ್ತೊಂದು ಫೋನು. ಹೊಸ ನೆಟ್‌ವರ್ಕ್ ಹಿಡಿಯುವಂಥವು ನಾಲ್ಕೇ. ಬೇರೆ ಕಂಪನಿಯ ಸಿಗ್ನಲ್ ಅಲ್ಲಿಗೆ ಮುಟ್ಟುವುದಿಲ್ಲ. ನಲವತ್ತೊಂದೂ ಒಟ್ಟಿಗೆ ಮೂಕವಾದವು. ಮಾಡದೆ ಬಿಟ್ಟ ಕರೆ ಮನಸ್ಸನ್ನು ಕೊರೆದು ಮೊನ್ನೆ ಭಾನುವಾರ ಅಹ್ಮದಸಾಬ ಹಟ್ಟಿಗೆ ಹೋದಾಗ, ಕಡೆಯ ಮನೆಯ ರೇಣವ್ವ ಅಂಗಳದಲ್ಲೇ ತಡೆದರು. ಗಂಡ ಮಾಳಿಂಗರಾಯ ಕುರಿ ಹೊಡೆದುಕೊಂಡು ಕೃಷ್ಣೆಯ ಆಚೆ ಹೋಗಿದ್ದಾರೆ. ಸೊಸೆ ಮಲ್ಲಮ್ಮನಿಗೆ ದಿನ ತುಂಬಿದೆ.

“ನೀವ ಏನ್ರಿ ಹೊಸಾ ಮಷೀನ ಕುಂಡರಿಸಿದವ್ರು? ಭಾಳ ಸ್ಪೀಡ್ ಅಂತಲ್ರಿ, ಬರೂದಕ್ಕಿಂತ ಮೊದಲ ಓಡಿ ಹೋಗೇತಿ! ನಡುರಾತ್ರ್ಯಾಗ ಹುಡಿಗಿಗೆ ಬ್ಯಾನಿ ಬಂದ್ರ ಗಾಡಿಗೆ ಯಾರು ಹೇಳಬೇಕು? ಗುಡ್ಡ ಹತ್ತಿ ಒದರ್ಲೇನು? ನಮಗ ಲಗೂನ ಬರೂದು ಬ್ಯಾಡ್ರೀ. ಬಂದ್ರ ಸಾಕು.”

ಸಿನಿಮಾ ಇಳಿಯಲು ಎಷ್ಟು ಸೆಕೆಂಡು ಎಂದು ಗೋಡೆಗೋಡೆಗೂ ಬರೆದಿದ್ದಾರೆ. ಆಂಬುಲೆನ್ಸಿಗೆ ಕರೆ ಹೋಗಲು ಎಷ್ಟು ಹೊತ್ತು ಎಂಬುದನ್ನು ಯಾವ ಗೋಡೆಯ ಮೇಲೂ ಬರೆದಿಲ್ಲ. ಹೊಸ ತಲೆಮಾರಿನ ನೆಟ್‌ವರ್ಕು ನಮಗೆ ಬೇಕೋ ಬೇಡವೋ ಎಂಬ ಚರ್ಚೆಗೆ ರೇಣವ್ವನ ಅಂಗಳಕ್ಕಿಂತ ದೊಡ್ಡ ಸಭಾಂಗಣ ಬೇಕಿಲ್ಲ.

ಅಹ್ಮದಸಾಬ ಸುಮ್ಮನಿರಬಹುದಿತ್ತು. ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ; ಬಾಯಿ ಬಿಟ್ಟರೆ ಗುತ್ತಿಗೆದಾರ ಮುಂದಿನ ಕೆಲಸಕ್ಕೆ ಕರೆಯದೆಯೂ ಹೋಗಬಹುದು. ಹಟ್ಟಿಯಿಂದ ಹೊರಬಿದ್ದು ರಸ್ತೆಗೆ ಬಂದವರೇ ಇಂಜಿನಿಯರಿಗೆ ಫೋನ್ ಹಚ್ಚಿದರು. “ಸರ, ತಪ್ಪು ನಂದು. ಮತ್ತ ಹತ್ತಬೇಕು, ಪರ್ಮಿಷನ್ ಕೊಡ್ರಿ.”

“ರಿಪೋರ್ಟ್ ಓಕೆ ಆಗಿದೆಯಲ್ಲ ಅಹ್ಮದ್? ಆ ಕಡೆಯಿಂದ ಒಂದು ಕಂಪ್ಲೇಂಟೂ ಬಂದಿಲ್ಲ.”

“ಹ್ಯಾಂಗ ಬರ್ತೈತ್ರಿ ಸರ? ಕಂಪ್ಲೇಂಟ್ ಮಾಡಾಕ ಫೋನ್ ಹತ್ತಿದ್ರ, ಕಂಪ್ಲೇಂಟ್ ಯಾಕ ಮಾಡ್ತಾರ್ರಿ?”

ಆಚೆ ಕಡೆಯಿಂದ ನಗು. ಅನುಮತಿ ಸಿಕ್ಕಿತು. ಕೂಲಿ ಮಾತ್ರ ಇಲ್ಲ. ಹುಲ್ಲಪ್ಪನೂ ಬಿಟ್ಟಿ ಬಂದಿದ್ದಾರೆ. “ತಪ್ಪು ಅವಂದು, ಹಗ್ಗ ನಂದು” ಎನ್ನುತ್ತಾರೆ.

ಈಗ ಏಳೂಕಾಲು. ಮೇಲೆ ಅಹ್ಮದಸಾಬ ನಟ್ಟು ಸಡಿಲಿಸಿ, ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ನಿಧಾನ ತಿರುಗಿಸುತ್ತಾರೆ. ಸುಣ್ಣದ ಗೋಡೆಯ ನೇರಕ್ಕೆ ಬಂದ ಮೇಲೆ ಬಿಗಿಯುತ್ತಾರೆ. ಕಾಯುತ್ತಾರೆ. ಭಾನುವಾರ ಬರೆದುಕೊಂಡು ಬಂದ ರೇಣವ್ವನ ನಂಬರನ್ನು ಕೀಪ್ಯಾಡಿನಲ್ಲಿ ಒತ್ತಿ, ಕೆಳಗೆ ಹುಲ್ಲಪ್ಪನಿಗೂ ಕೇಳಲಿ ಎಂದು ಸ್ಪೀಕರ್ ಹಚ್ಚುತ್ತಾರೆ. ಒಂದು ರಿಂಗು, ಎರಡು, ಮೂರು.

“ಹಲೋ! ಯಾರು?”

“ನಾನವ್ವಾ, ಟವರಿನ ಅಹ್ಮದಸಾಬ.”

“ಎಲ್ಲಿದ್ದೀಯೋ ಯಪ್ಪಾ?”

“ಮ್ಯಾಲೆ!”

“ಥೂ, ಬೆಳಬೆಳಿಗ್ಗೆ ಎಂಥಾ ಮಾತಾಡ್ತಿ, ಕೆಳಗಿಳಿ ಮೊದಲ!”

“ಗುಡ್ಡದ ಮ್ಯಾಲೆ ನಿಂತೀರೋ, ಮನ್ಯಾಗದೀರೋ?”

“ಒಲಿ ಮುಂದ ಕುಂತೇನಿ. ರೊಟ್ಟಿ ಹೊತ್ತಾಕತೈತಿ, ಇಡು!”

ಕೆಳಗೆ ಹುಲ್ಲಪ್ಪ ಹಗ್ಗ ಹಿಡಿದುಕೊಂಡೇ ಕುಣಿಯುತ್ತಾರೆ. ಮೇಲಿನವರು ಕಬ್ಬಿಣಕ್ಕೆ ಹಣೆ ಹಚ್ಚಿ ನಗುತ್ತಿದ್ದಾರೆ.

ನಾಲ್ಕು ದಿನಕ್ಕೆ ಮಲ್ಲಮ್ಮನಿಗೆ ನೋವು ಬಂತು. ರೇಣವ್ವ ಸೊಸೆಯ ಕೈ ಬಿಡದೆ, ಹಾಸಿಗೆಯ ಪಕ್ಕದಿಂದಲೇ ಆಂಬುಲೆನ್ಸಿಗೆ ಕರೆ ಮಾಡಿದರು. ಗುಳೇದಗುಡ್ಡದ ದವಾಖಾನೆಯಲ್ಲಿ ಹೆಣ್ಣುಮಗು, ಮೂರು ಕಿಲೋ. ಅಲ್ಲಿಂದ ಕಳಿಸಿದ ಫೋಟೋ ಹುಲ್ಲಪ್ಪನ ಫೋನಿಗೆ ಕಣ್ಣು ಮಿಟುಕಿಸುವುದರೊಳಗೆ ಬಂದಿದೆ. “ಈಗರೆ ಹೊಸ ನೆಟ್‌ವರ್ಕ್ ಚಲೋ ಅನ್ನು ಲೇ,” ಎಂದು ಹುಲ್ಲಪ್ಪ ಕೆಣಕುತ್ತಾರೆ.

“ಚಲೋನ ಐತಿ. ನಾ ಎಂದ ಬ್ಯಾಡಂದೆ? ಮೊದಲ ಆಂಬುಲೆನ್ಸ್, ಆಮ್ಯಾಲೆ ಫೋಟೋ. ಈ ಲೈನ್ ತಪ್ಪಬಾರದು, ಅಷ್ಟ.”

ಏನಾದರೂ ಆಸೆ ಇದೆಯೇ ಎಂದರೆ ಅಹ್ಮದಸಾಬ ಚೀಲದಿಂದ ಕೆಲಸ ಮುಗಿದ ಮೇಲೆ ತುಂಬಿಕೊಡುವ ಫಾರ್ಮು ತೆಗೆಯುತ್ತಾರೆ. ನಲವತ್ತಾರು ಪ್ರಶ್ನೆ. ನಟ್ಟೆಷ್ಟು, ಕೇಬಲ್ ಎಷ್ಟು ಮೀಟರ್, ವೇಗ ಎಷ್ಟು. “ಇನ್ನೊಂದ ಒಂದು ಸೇರಸ್ಲಿರಿ. ಕಡೀ ಮನಿಗೆ ಫೋನ್ ಹೋತೋ ಇಲ್ಲೋ ಅಂತ. ಅದು ಬರೂ ತನಕಾ ಹಾಳಿ ಹಿಂದ ನಾನ ಬರೀತೇನಿ.”

ಹಾಳೆ ತಿರುಗಿಸಿ ತೋರಿಸುತ್ತಾರೆ. ಸೊಟ್ಟ ಅಕ್ಷರದಲ್ಲಿ ಒಂದೇ ಸಾಲು: ರೇಣವ್ವನ ಮನಿಗೆ ಹೋತು.