ಅಳೆಯಲು ಬರುವ ಮೇಡಂ
ಯುವಜನ ಸಂಘದಿಂದ ಹುಡುಗ ಹುಡುಗಿಯರಿಗೆ ಏನು ಪ್ರಯೋಜನವಾಯಿತೆಂದು ಅಳೆಯಲು ವರ್ಷಕ್ಕೊಮ್ಮೆ ಸಾಸಲಿಗೆ ಬರುವ ಶಶಿರೇಖಾ ಮೇಡಂ ಮೊದಲು ಹಾಳೆ ಹಂಚುತ್ತಾರೆ, ಆಮೇಲೆ ಕೊಟ್ಟ ಟೀ ಕುಡಿಯುತ್ತಾರೆ, ಕೊನೆಗೆ ನಿಟ್ಟುಸಿರು ಬಿಡುತ್ತಾರೆ. ‘ಧೈರ್ಯ ಎಷ್ಟು ಹೆಚ್ಚಿದೆ?’ ಎಂಬುದಕ್ಕೆ ಎಲ್ಲರದೂ ಐದಕ್ಕೆ ಐದು. “ನಿಜ ಬರೀರಪ್ಪಾ” ಎಂದರೆ, “ಅಷ್ಟು ದೂರದಿಂದ ಬಂದಿದೀರ ಮೇಡಂ, ಕಮ್ಮಿ ಕೊಟ್ಟು ಕಳಿಸೋಕಾಗುತ್ತಾ?” ಎನ್ನುತ್ತಾನೆ ಸಂಘದ ಹುಡುಗ ಬೈರೇಶ್. ನೆಂಟರಿಗೆ ಮುದ್ದೆ ಬಡಿಸಿದಂತೆ ಅಂಕ ಬಡಿಸುವ ಊರು. ಇಂಥ ಹಾಳೆಗಳನ್ನು ಸಂಘಕ್ಕೆ ದುಡ್ಡು ಕೊಡುವ ಮೇಲಿನವರು ನಂಬುವುದಿಲ್ಲ. ಈ ಸಲವೂ ನಂಬದಿದ್ದರೆ ಸಂಘ ಮುಚ್ಚುತ್ತದೆ. ಅಷ್ಟರಲ್ಲಿ ಅಕ್ಷತ ಎದ್ದಳು. ಹೋದ ವರ್ಷ ತನ್ನ ಹೆಸರನ್ನೂ ಗೆಳತಿಯಿಂದ ಹೇಳಿಸಿದ್ದ ಹುಡುಗಿ. “ನಂದು ಎರಡೇ ಮೇಡಂ. ಸಂಘದಲ್ಲಿ ಹುಡುಗೀರ್ನ ಬರೀ ಟೀ ಕಾಯ್ಸೋಕೆ ಹಾಕಿದ್ರೆ ಧೈರ್ಯ ಎಲ್ಲಿಂದ ಬರುತ್ತೆ?” ಮೇಡಂ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಅವಳ ಹಾಳೆಯ ಎರಡರ ಪಕ್ಕದಲ್ಲಿ ದುಂಡಗೆ ಬರೆದರು: ‘ಇದನ್ನು ಎಲ್ಲರೆದುರು ಎದ್ದು ನಿಂತು ಹೇಳಿದಳು.’