ಆರ್ಸೀನ್ ಕೋಣೆಯ ಬಾಗಿಲಲ್ಲಿ

2006ರಲ್ಲಿ ನಾನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಸಂಶೋಧನಾ ಘಟಕವೊಂದರಲ್ಲಿ ಸುರಕ್ಷತಾ ಎಂಜಿನಿಯರ್ ಆಗಿದ್ದೆ. ಟ್ರಾನ್ಸಿಸ್ಟರ್ ಇಲ್ಲದೆ ಲೆಕ್ಕ ಮಾಡುವ ಚಿಪ್ ತಯಾರಿಸುವುದು ನಮ್ಮ ಗುರಿ. ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ ಹರಿದರೆ ಒಂದು, ನಿಂತರೆ ಸೊನ್ನೆ. ನಮ್ಮ ಚಿಪ್ಪಿನಲ್ಲಿ ಕ್ವಾಂಟಮ್ ಡಾಟ್ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ನಾಲ್ಕು ಚುಕ್ಕೆಗಳು ಚೌಕದ ಮೂಲೆಗಳಲ್ಲಿರುತ್ತವೆ. ಎರಡು ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂರ ತಳ್ಳಿ ಎದುರುಬದುರು ಮೂಲೆ ಹಿಡಿಯುತ್ತವೆ. ಯಾವ ಜೋಡಿ ಮೂಲೆ ಎಂಬುದರ ಮೇಲೆ ಒಂದೋ ಸೊನ್ನೆಯೋ ತೀರ್ಮಾನವಾಗುತ್ತದೆ. ಈ ಚುಕ್ಕೆಗಳನ್ನು ಬೆಳೆಸಲು ಆರ್ಸೀನ್ ಅನಿಲ ಬೇಕು. ಅದು ಸ್ವಲ್ಪ ಸೋರಿದರೂ ಪ್ರಾಣಕ್ಕೆ ಅಪಾಯ.

ಕಾಂಪೌಂಡಿನಾಚೆ ಶಿವಣ್ಣ ಎಂಬ ರೈತರ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಮನೆ ಇದ್ದವು. ಒಂದು ಮಂಗಳವಾರ ಅಲಾರಂ ಪರೀಕ್ಷೆಗೆಂದು ಸೈರನ್ ಕೂಗಿಸಿದೆವು. ಮರುದಿನ ಬೆಳಿಗ್ಗೆ ಅವರ ಹುಳುಗಳೆಲ್ಲ ಹಸಿರು ಕಕ್ಕಿ ಸತ್ತುಬಿದ್ದಿದ್ದವು. ನಾವು ವಿಷಗಾಳಿ ಬಿಟ್ಟೆವೆಂದು ಸುದ್ದಿ ಹಬ್ಬಿತು.

ಹನ್ನೊಂದರ ಹೊತ್ತಿಗೆ ಜನ ಗೇಟು ಮುರಿದು ನುಗ್ಗಿದರು. ಅಡ್ಡ ಬಂದ ಕಾವಲುಗಾರ ಕೃಷ್ಣಪ್ಪನ ಮುಖಕ್ಕೆ ಕಬ್ಬಿಣದ ಸಲಾಕೆ ಬಿತ್ತು. ಗಾಜು, ಕಂಪ್ಯೂಟರ್, ಮೈಕ್ರೋಸ್ಕೋಪ್ ಎಲ್ಲ ಪುಡಿಯಾದವು. ನಾನು ಓಡಿಹೋಗಿ ಆರ್ಸೀನ್ ಇಟ್ಟಿದ್ದ ಸಿಲಿಂಡರ್ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಹಾರೆ ಹಿಡಿದು ಎದುರಿಗೆ ಬಂದವರು ಶಿವಣ್ಣನೇ.

"ಪಕ್ಕುಕ್ ಸರ್ಕಳಿ ಮೇಡಮ್ಮ," ಎಂದರು.

"ಒಳಗಿರೋದು ಒಡೆದ್ರೆ ನಾನೂ ನೀವೂ ಇಲ್ಲೇ ಸಾಯ್ತೀವಿ ಶಿವಣ್ಣೋರೆ. ಊರೂ ಉಳಿಯಲ್ಲ."

ಅವರು ನನ್ನನ್ನೇ ನೋಡಿದರು. "ಅಂಥದ್ನ ನಮ್ ಮಕ್ಳುಮರಿ ಪಕ್ದಲ್ಲಿ ಮಡಿಕ್ಕಂಡು ಒಂದ್ ಮಾತೂ ಯೋಳ್ನಿಲ್ವಲ್ಲ ನೀವು?"

ಅಷ್ಟರಲ್ಲಿ ಅವರ ಹಿಂದಿನಿಂದ ಯಾರೋ ಒಬ್ಬ ನನ್ನತ್ತ ದೊಣ್ಣೆ ಬೀಸಿದ. ತಡೆಯಲು ಎತ್ತಿದ ಎಡಗೈ ಮುರಿದ ಸದ್ದು ನನಗೇ ಕೇಳಿಸಿತು. ಮತ್ತೆ ಬೀಸುವ ಮೊದಲೇ ಶಿವಣ್ಣ ಅವನ ಕತ್ತು ಹಿಡಿದು ನೆಲಕ್ಕೆ ಕೆಡವಿ, ಬಾಯಲ್ಲಿ ರಕ್ತ ಬರುವಂತೆ ಹೊಡೆದರು. ಆಮೇಲೆ ಹಾರೆ ಅಡ್ಡ ಹಿಡಿದು ಎಲ್ಲರನ್ನೂ ಹೊರಗಟ್ಟಿದರು.

ನಮ್ಮಲ್ಲಿ ಅನಿಲ ಸೋರಿರಲಿಲ್ಲ; ಸೆನ್ಸರ್ ದಾಖಲೆ ಅದನ್ನು ತೋರಿಸಿತು. ಶಿವಣ್ಣನ ಪಕ್ಕದ ತೋಟಕ್ಕೆ ಹೊಡೆದ ಕೀಟನಾಶಕ ಗಾಳಿಯಲ್ಲಿ ಬಂದು ಹುಳು ತಿನ್ನುವ ಸೊಪ್ಪಿನ ಮೇಲೆ ಕೂತಿತ್ತೆಂದು ಪರೀಕ್ಷೆಯಲ್ಲಿ ತಿಳಿಯಿತು. ಆದರೆ ಕೃಷ್ಣಪ್ಪನ ಬಲಗಣ್ಣು ಹೋಯಿತು. ವರ್ಷದೊಳಗೆ ಘಟಕವೂ ಮುಚ್ಚಿತು.

ನಾನು ಬರೆದಿದ್ದ ಸುರಕ್ಷತಾ ಯೋಜನೆಯಲ್ಲಿ, ಅಪಾಯದ ಬಗ್ಗೆ ತಿಳಿಸಬೇಕಾದವರ ಪಟ್ಟಿಯಲ್ಲಿ ಅಗ್ನಿಶಾಮಕ ಠಾಣೆಯಿತ್ತು, ಆಸ್ಪತ್ರೆಯಿತ್ತು. ಶಿವಣ್ಣನ ಮನೆ ಇರಲಿಲ್ಲ. ಅಲ್ಲಿಂದಾಚೆ ಎಲ್ಲಿ ಕೆಲಸಕ್ಕೆ ಸೇರಿದರೂ, ಮೊದಲ ಸಿಲಿಂಡರ್ ಬರುವ ಮುನ್ನ ಸುತ್ತಲಿನ ಮನೆಗಳಿಗೆ ಹೋಗಿ ಅನಿಲದ ಹೆಸರು, ಅದು ಮಾಡಬಹುದಾದ ಕೇಡು ಎರಡನ್ನೂ ಹೇಳುತ್ತಿದ್ದೆ. ಒಂದು ಊರಿನವರು ಎಲ್ಲ ಕೇಳಿಸಿಕೊಂಡು ಬೇಡವೆಂದರು. ಅಲ್ಲಿ ಸಿಲಿಂಡರ್ ಕೋಣೆಯನ್ನು ನಾವು ಕಟ್ಟಲೇ ಇಲ್ಲ.